ಸಾಲ ಒಬ್ಬರದು, ಫೋನ್ ಇನ್ನೊಬ್ಬರಿಗೆ

ಕಂತು ಕಟ್ಟದೆ ಕಣ್ಮರೆಯಾದವರನ್ನು ಹುಡುಕುವವರು ಫೋನ್ ಮಾಡುವುದು ಅವರಿಗಲ್ಲ. ಅಷ್ಟು ಹೊತ್ತಿಗೆ ಅವರ ಸಂಖ್ಯೆ ಸ್ವಿಚ್ ಆಫ್ ಆಗಿರುತ್ತದೆ, ಮನೆ ಬದಲಾಗಿರುತ್ತದೆ, ಎಷ್ಟೋ ಸಲ ಕೆಲಸವೂ ಕೈತಪ್ಪಿರುತ್ತದೆ. ಫೋನ್ ಹೋಗುವುದು ಅತ್ತಿಗೆಗೆ, ಹಳೆಯ ಮನೆಯ ನೆರೆಯವರಿಗೆ, ಎಂದೋ ಜೊತೆಯಲ್ಲಿ ಕೆಲಸ ಮಾಡಿದವರಿಗೆ. ಇವರು ಯಾರೂ ಸಾಲ ಮಾಡಿದವರಲ್ಲ, ಜಾಮೀನು ನಿಂತವರೂ ಅಲ್ಲ. ಆದರೆ ವಿಳಾಸ ಗೊತ್ತಿರುವುದು ಇವರಿಗೆ. ಸಾಲ ವಸೂಲಿಯ ಬೆದರಿಕೆ, ಬೈಗುಳ, ಬಾಗಿಲ ಮುಂದಿನ ಗಲಾಟೆಗಳ ಬಗ್ಗೆ ನಾವು ಸಾಕಷ್ಟು ಮಾತನಾಡಿದ್ದೇವೆ. ಆ ಬಾಗಿಲು ಎಲ್ಲಿದೆ ಎಂದು ತಿಳಿಯಲು ಹೇಳುವ ಸುಳ್ಳುಗಳ ಬಗ್ಗೆ ಅಷ್ಟಾಗಿ ಮಾತನಾಡಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನಗೆ ಬಂದ ಕರೆ ಇನ್ನೂ ಕಿವಿಯಲ್ಲಿದೆ. ಹೆಣ್ಣು ದನಿ, ಬಹಳ ಮರ್ಯಾದೆಯ ಮಾತು. "ಸರ್, ನಿಮ್ಮ ಸ್ನೇಹಿತರ ಹೆಸರಿಗೆ ಒಂದು ಪಾರ್ಸೆಲ್ ಬಂದಿದೆ. ಅವರ ಫೋನ್ ಸಿಗುತ್ತಿಲ್ಲ, ಬದಲಿ ಸಂಖ್ಯೆ ಎಂದು ನಿಮ್ಮದನ್ನು ಕೊಟ್ಟಿದ್ದಾರೆ. ಇಂದು ತಲುಪಿಸದಿದ್ದರೆ ವಾಪಸು ಹೋಗುತ್ತದೆ. 14ನೇ ನಂಬರಿನ ಮನೆ ತಾನೇ?"

"ಅಲ್ಲಮ್ಮ, ಅದು ಹಳೆಯ ಮನೆ" ಎಂದೆ.

ಅಷ್ಟು ಸಾಕಾಗಿತ್ತು. ಆಕೆ ಮುಂದೆ ಒತ್ತಾಯಿಸಿ ಏನನ್ನೂ ಕೇಳಲಿಲ್ಲ. ಹೊಸ ಮನೆಯ ಬೀದಿ, ಮಹಡಿ, ಗುರುತಿಗೆ ಎದುರಿನ ಕಟ್ಟಡ, ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ. ಫೋನ್ ಇಟ್ಟಾಗ ಗೆಳೆಯನಿಗೊಂದು ಉಪಕಾರ ಮಾಡಿದ ಸಮಾಧಾನವಿತ್ತು. ಪಾರ್ಸೆಲ್ ಇರಲಿಲ್ಲ. ಮರುದಿನ ಬೆಳಿಗ್ಗೆ ಅವನ ಬಾಗಿಲಲ್ಲಿ ಇಬ್ಬರು ನಿಂತಿದ್ದರು.

ಆ ಮೂರು ನಾಲ್ಕು ವಾಕ್ಯಗಳನ್ನು ಎಷ್ಟು ಜಾಣತನದಿಂದ ಹೆಣೆಯಲಾಗಿತ್ತು ಎಂದು ನನಗೆ ಅರ್ಥವಾಗಲು ಸಮಯ ಹಿಡಿಯಿತು. ನನ್ನ ಸಂಖ್ಯೆಯನ್ನು ಅವನೇ ಕೊಟ್ಟಿದ್ದ ಎಂಬುದು ನಿಜ. ಪಾರ್ಸೆಲ್‌ಗಾಗಿ ಅಲ್ಲ, ಸಾಲದ ಅರ್ಜಿಯಲ್ಲಿ ಪರಿಚಿತರ ಹೆಸರು ಬರೆಯಬೇಕಾದ ಕಡೆ. ಒಂದು ನಿಜದ ಮೇಲೆ ನಿಂತ ಸುಳ್ಳು ಅಲುಗಾಡುವುದಿಲ್ಲ. "ಇಂದೇ" ಎಂಬ ಮಾತು ಯೋಚಿಸಲು ಸಮಯ ಕೊಡಲಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಆ 14ನೇ ನಂಬರು. ವಿಳಾಸ ಏನು ಎಂದು ನೇರವಾಗಿ ಕೇಳಿದ್ದರೆ ನೀವು ಯಾರು ಎಂದು ನಾನು ಕೇಳುತ್ತಿದ್ದೆನೇನೋ. ಆಕೆ ಕೇಳಲಿಲ್ಲ, ತಪ್ಪು ಹೇಳಿದಳು. ಪ್ರಶ್ನೆಗೆ ಉತ್ತರಿಸುವಾಗ ನಮಗಿರುವ ಎಚ್ಚರ ತಪ್ಪನ್ನು ತಿದ್ದುವಾಗ ಇರುವುದಿಲ್ಲ. ಗೊತ್ತಿರುವುದನ್ನು ಯಾರಾದರೂ ತಪ್ಪಾಗಿ ಹೇಳಿದರೆ ಸರಿಪಡಿಸಬೇಕು ಎನಿಸುವುದು ಸಹಜ. ತಪ್ಪು ಊರು, ತಪ್ಪು ಕಚೇರಿ, ಹೆಂಡತಿಯ ತಪ್ಪು ಹೆಸರು ಹೇಳಿ ಸರಿಯಾದುದನ್ನು ಬಾಯಿ ಬಿಡಿಸುವುದು ಈ ಕಸುಬಿನ ಹಳೆಯ ಪಟ್ಟು.

ಈ ಕಸುಬಿಗೆ ಸ್ಕಿಪ್ ಟ್ರೇಸಿಂಗ್ ಎಂಬ ಹೆಸರಿದೆ. ಊರು ಬಿಟ್ಟು ತಲೆಮರೆಸಿಕೊಂಡವರನ್ನು ಪತ್ತೆ ಹಚ್ಚುವುದು ಎಂದು ಅರ್ಥ. ಹುಡುಕುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಣ ಕೊಟ್ಟವರಿಗೆ ಅದನ್ನು ಕೇಳುವ ಹಕ್ಕಿದೆ, ಕೇಳಬೇಕಾದರೆ ಎದುರಿನವರು ಎಲ್ಲಿದ್ದಾರೆ ಎಂದು ಗೊತ್ತಾಗಬೇಕು. ಅರ್ಜಿಯಲ್ಲಿರುವ ಹಳೆಯ ವಿಳಾಸ, ಸಾರ್ವಜನಿಕ ದಾಖಲೆಗಳು, ಸಾಲದ ಚರಿತ್ರೆ ಇಡುವ ಸಂಸ್ಥೆಗಳ ಮಾಹಿತಿ, ಸಾಮಾಜಿಕ ಜಾಲತಾಣದಲ್ಲಿ ಅವರೇ ಹಾಕಿಕೊಂಡ ಚಿತ್ರ, ಇವುಗಳಿಂದಲೇ ಬಹುಪಾಲು ಜನರ ಜಾಡು ಸಿಗುತ್ತದೆ. ಕಾಗದಪತ್ರದಲ್ಲಿ ಜಾಡು ಕಡಿದುಹೋದಾಗ ಉಳಿಯುವುದು ಮನುಷ್ಯರು. ಸುಳ್ಳು ಒಳಗೆ ಬರುವುದು ಅಲ್ಲಿ.

ಸುಳ್ಳಿನ ವೇಷಗಳು ಹಲವಿದ್ದರೂ ಅವು ಮೀಟುವ ತಂತಿಗಳು ಕೆಲವೇ. ಪಾರ್ಸೆಲ್, ಬಹುಮಾನ, ವಿಮೆಯ ಬಾಕಿ ಹಣ, ಹೊಸ ಕೆಲಸಕ್ಕೆ ಹಿನ್ನೆಲೆ ಪರಿಶೀಲನೆ ಇವು ಆಸೆಯ ತಂತಿ. ತನ್ನವರಿಗೆ ಒಳ್ಳೆಯದಾಗುತ್ತದೆ ಎಂದುಕೊಂಡು ಕೇಳಿದವರು ಹೇಳುತ್ತಾರೆ. ಶಾಲೆಯ ಹಳೆಯ ಸಹಪಾಠಿ, ಮದುವೆಗೆ ಕರೆಯಲು ವಿಳಾಸ ಬೇಕಾದ ಬಂಧು ಎನ್ನುವುದು ಸ್ನೇಹದ ತಂತಿ. ಎಲ್ಲಕ್ಕಿಂತ ಕ್ರೂರವಾದದ್ದು ಅಪಘಾತದ ಸುದ್ದಿ. "ಆಸ್ಪತ್ರೆಯಿಂದ ಮಾತನಾಡುತ್ತಿದ್ದೇವೆ, ಮನೆಯವರನ್ನು ತುರ್ತಾಗಿ ಸಂಪರ್ಕಿಸಬೇಕು" ಎಂದು ವಯಸ್ಸಾದ ತಾಯಿಗೆ ಹೇಳಿದರೆ ಆಕೆ ಕೈ ನಡುಗುತ್ತಲೇ ಮಗನ ಸಂಖ್ಯೆ ಓದಿ ಹೇಳುತ್ತಾಳೆ. ಆ ಎರಡು ನಿಮಿಷದ ಎದೆಬಡಿತವನ್ನು ಯಾವ ಬಡ್ಡಿಯ ಲೆಕ್ಕದಲ್ಲಿ ಜಮಾ ಮಾಡುವುದು?

ಇನ್ನು ಭಯ. ನ್ಯಾಯಾಲಯದಿಂದ ಸಮನ್ಸ್ ಜಾರಿ ಮಾಡಬೇಕಿದೆ, ಪೊಲೀಸ್ ಠಾಣೆಯಿಂದ ವಿಚಾರಣೆಗೆ ಕರೆ ಇದೆ, ವಿಳಾಸ ಮುಚ್ಚಿಟ್ಟರೆ ನಿಮ್ಮ ಮೇಲೂ ಕೇಸು ಬೀಳುತ್ತದೆ ಎಂಬ ಮಾತುಗಳು. ಕೇಳಿಸಿಕೊಂಡವರಿಗೆ ಸಾಲ ಎಂದರೆ ಜೈಲು ಎಂಬ ಹಳೆಯ ಹೆದರಿಕೆ ಇದ್ದೇ ಇರುತ್ತದೆ. ಒಪ್ಪಂದದ ಬಾಧ್ಯತೆಯನ್ನು ಪೂರೈಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಸೆರೆಯಲ್ಲಿಡಬಾರದು ಎಂದು 1966ರ ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ಹೇಳುತ್ತದೆ. ವಂಚನೆ ಬೇರೆ, ತೀರಿಸಲಾಗದ ಸಾಲ ಬೇರೆ. ಆ ಗೆರೆಯನ್ನು ಬೇಕೆಂದೇ ಅಳಿಸಿ ಮಾತನಾಡುವುದರಲ್ಲಿ ಈ ಕರೆಗಳ ಬಲವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1970ರ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಕಾಯ್ದೆಯ 40ನೇ ಕಲಮು, ಸಾಲ ಕೇಳುವಾಗ ಅಧಿಕಾರಿಯ ಸೋಗು ಹಾಕುವುದನ್ನೂ ಸರ್ಕಾರಿ ಕಾಗದದಂತೆ ಕಾಣುವ ನಕಲಿ ಕಾಗದ ಕಳಿಸುವುದನ್ನೂ ಅಪರಾಧವೆಂದು ಸಾರಿತು.

ಇವು ಮೊಬೈಲ್ ಕಾಲದ ಆವಿಷ್ಕಾರಗಳಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದಲ್ಲಿ ಇದೇ ಕೆಲಸವನ್ನು ಅಂಚೆ ಕಾರ್ಡುಗಳು ಮಾಡುತ್ತಿದ್ದವು. ಸರ್ಕಾರಿ ಇಲಾಖೆಯದೆಂದು ಭ್ರಮೆ ಹುಟ್ಟಿಸುವ ಹೆಸರು, ರಾಜಧಾನಿ ವಾಷಿಂಗ್ಟನ್ನಿನ ವಿಳಾಸ, ಕೆಳಗೆ ತುಂಬಬೇಕಾದ ಖಾಲಿ ಜಾಗಗಳು: ಈಗಿನ ಮನೆ, ಕೆಲಸದ ಸ್ಥಳ, ಬ್ಯಾಂಕು. ಕೆಲವು ಕಾರ್ಡುಗಳು ನಿಮ್ಮ ಹೆಸರಿನಲ್ಲಿ ಒಂದು ಪೊಟ್ಟಣ ಅಥವಾ ಸ್ವಲ್ಪ ಹಣ ಇದೆ ಎನ್ನುತ್ತಿದ್ದವು. ಇಂಥ ನಮೂನೆಗಳನ್ನು ಅಚ್ಚು ಹಾಕಿ ವಸೂಲಿಗಾರರಿಗೆ ಮಾರುವುದೇ ಒಂದು ವ್ಯಾಪಾರವಾಗಿತ್ತು. ವ್ಯಾಪಾರದ ಮೋಸಗಳನ್ನು ತಡೆಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದಶಕಗಳ ಕಾಲ ಅವರ ಮೇಲೆ ಪ್ರಕರಣ ಹೂಡುತ್ತಲೇ ಹೋಯಿತು. ನನಗೆ ಬಂದ ಕರೆಯ ಅಜ್ಜಿ ಆ ಪೊಟ್ಟಣದ ಕಾರ್ಡು.

ಒಂದೊಂದೇ ಪ್ರಕರಣದಿಂದ ಇದು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ 1977ರಲ್ಲಿ ಅಮೆರಿಕ ಫೇರ್ ಡೆಟ್ ಕಲೆಕ್ಷನ್ ಪ್ರಾಕ್ಟೀಸಸ್ ಆ್ಯಕ್ಟ್ ತಂದಿತು. ಅದು ಹೊರಗಿನ ವಸೂಲಿಗಾರರಿಗೆ, ಅಂದರೆ ಮುಖ್ಯವಾಗಿ ಇನ್ನೊಬ್ಬರ ಸಾಲ ವಸೂಲಿ ಮಾಡುವವರಿಗೆ ಅನ್ವಯಿಸುವ ಕಾನೂನು. ಅದರ 804ನೇ ಸೆಕ್ಷನ್ ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲು: ಸಾಲಗಾರನ ಇರುವಿಕೆಯನ್ನು ಮೂರನೆಯವರಿಂದ ಹೇಗೆ ಕೇಳಬೇಕು. ಕೇಳುವವರು ತಮ್ಮ ಹೆಸರು ಹೇಳಬೇಕು, ಇಂಥವರ ವಿಳಾಸವನ್ನು ಖಚಿತಪಡಿಸಿಕೊಳ್ಳುತ್ತಿದ್ದೇನೆ ಎನ್ನಬೇಕು. ಯಾರ ಪರವಾಗಿ ಎಂದು ಎದುರಿನವರು ಬಾಯಿಬಿಟ್ಟು ಕೇಳಿದರೆ ಮಾತ್ರ ಸಂಸ್ಥೆಯ ಹೆಸರು ಹೇಳಬಹುದು. ಸಾಲವಿದೆ ಎಂಬ ಮಾತು ಬರಕೂಡದು. ಹಿಂದಿನ ಉತ್ತರ ತಪ್ಪು ಅಥವಾ ಅರ್ಧಂಬರ್ಧ ಎನ್ನಲು ಕಾರಣವಿಲ್ಲದೆ ಎರಡನೇ ಸಲ ಕೇಳಕೂಡದು. ಅಂಚೆ ಕಾರ್ಡು ಬಳಸಲೇಬಾರದು. ಕೇಳಬಹುದಾದದ್ದು ಮೂರೇ: ಮನೆ, ಆ ಮನೆಯ ಫೋನ್, ಕೆಲಸದ ಸ್ಥಳ. ಸಾಲಗಾರನ ಕುರಿತು ಮಾಹಿತಿ ಪಡೆಯಲು ಯಾವುದೇ ಸುಳ್ಳು ಅಥವಾ ವಂಚನೆಯ ದಾರಿ ಹಿಡಿಯುವುದನ್ನು 807ನೇ ಸೆಕ್ಷನ್ ಪ್ರತ್ಯೇಕವಾಗಿ ನಿಷೇಧಿಸುತ್ತದೆ.

ಈ ಕಾನೂನನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅದು ಸುಳ್ಳನ್ನು ಮಾತ್ರವಲ್ಲ, ಒಂದು ನಿಜವನ್ನೂ ತಡೆಯುತ್ತದೆ. ಸಾಲದ ವಿಷಯ ನೆರೆಯವರ ಕಿವಿಗೆ ಬೀಳಬಾರದು ಎಂಬುದು ಸಾಲಗಾರನ ಮರ್ಯಾದೆಗಾಗಿ. ವಸೂಲಿಗಾರರ ವಾದವೂ ಇಲ್ಲಿಂದಲೇ ಹುಟ್ಟುತ್ತದೆ: ಸಾಲದ ಮಾತೆತ್ತಬಾರದು ಎಂದ ಮೇಲೆ ನೆಪ ಹೇಳದೆ ಬೇರೆ ದಾರಿ ಏನು? ಕೇಳಲು ಸರಿಯೆನಿಸುವ ಈ ವಾದವನ್ನು ನಾನು ಒಪ್ಪುವುದಿಲ್ಲ. ಹೇಳದೆ ಇರುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ. "ನಾನು ಇಂಥವನು, ಇವರ ಈಗಿನ ವಿಳಾಸ ತಿಳಿಯಬೇಕಿತ್ತು" ಎಂದರೆ ಎದುರಿನವರಿಗೆ ಹೇಳುವ ಅಥವಾ ಹೇಳದಿರುವ ಆಯ್ಕೆ ಇರುತ್ತದೆ. ಪಾರ್ಸೆಲ್ ಎಂದಾಗ ಆ ಆಯ್ಕೆ ಹೋಗುತ್ತದೆ. ನಾನು ಗೆಳೆಯನ ವಿಳಾಸ ಕೊಟ್ಟೆ ಎನ್ನುವುದಕ್ಕಿಂತ ನನ್ನ ವಿಶ್ವಾಸವನ್ನು ಕದ್ದು ವಿಳಾಸ ತೆಗೆದುಕೊಂಡರು ಎನ್ನುವುದೇ ಸರಿ.

ಭಾರತೀಯ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯೂ ಈ ಮೂರನೆಯವರನ್ನು ಹೆಸರಿಸಿ ಹೇಳಿತು. ಸಾಲಗಾರರ ಕುಟುಂಬದವರು, ಅರ್ಜಿಯಲ್ಲಿ ಹೆಸರಿಸಿದ ಪರಿಚಿತರು, ಸ್ನೇಹಿತರು ಇವರ ಖಾಸಗಿತನಕ್ಕೆ ಕೈ ಹಾಕುವಂತಿಲ್ಲ. ಅನಾಮಧೇಯ ಕರೆ ಮಾಡುವಂತಿಲ್ಲ, ಸುಳ್ಳು ಮತ್ತು ದಾರಿ ತಪ್ಪಿಸುವ ಮಾತು ಹೇಳುವಂತಿಲ್ಲ, ಬೆಳಿಗ್ಗೆ 8ಕ್ಕೆ ಮೊದಲು ಸಂಜೆ 7ರ ನಂತರ ವಸೂಲಿಗಾಗಿ ಸಾಲಗಾರರಿಗೆ ಕರೆ ಮಾಡುವಂತಿಲ್ಲ. ವಸೂಲಿಯನ್ನು ಏಜೆಂಟರಿಗೆ ವಹಿಸಿಕೊಟ್ಟರೂ ಹೊಣೆ ಸಾಲ ಕೊಟ್ಟ ಸಂಸ್ಥೆಯದೇ. ನಿಯಮ ಇದೆ. ಆದರೆ ನಿಯಮ ಮುರಿದದ್ದು ಯಾರಿಗೆ ಗೊತ್ತಾಗಬೇಕು? ಪಾರ್ಸೆಲ್ ಎಂದು ನಂಬಿದವರು ದೂರು ಕೊಡುವುದಿಲ್ಲ, ಏಕೆಂದರೆ ದೂರು ಕೊಡುವಂಥದ್ದು ನಡೆದಿದೆ ಎಂದು ಅವರಿಗೆ ಗೊತ್ತೇ ಇರುವುದಿಲ್ಲ. ಬಾಗಿಲಿಗೆ ಬಂದು ಕೂಗಾಡಿದರೆ ಸಾಕ್ಷಿ ಇರುತ್ತದೆ. ನಯವಾದ ಸುಳ್ಳು ಹಿಂದೆ ಏನನ್ನೂ ಬಿಟ್ಟುಹೋಗುವುದಿಲ್ಲ.

ಏಜೆಂಟರು ಏಕೆ ಹೀಗೆ ಮಾಡುತ್ತಾರೆ ಎಂದರೆ, ಕೆಟ್ಟ ಮನುಷ್ಯರು ಎಂಬುದು ಅರೆ ಉತ್ತರ. ಎಷ್ಟು ಜನರನ್ನು ಪತ್ತೆ ಹಚ್ಚಿದೆ, ಎಷ್ಟು ವಸೂಲಾಯಿತು ಎಂಬುದರ ಮೇಲೆ ಸಂಬಳವೋ ಕಮಿಷನ್ನೋ ನಿಂತಿರುವಾಗ, ಪ್ರಾಮಾಣಿಕವಾಗಿ ಕೇಳಿ ಇಲ್ಲ ಎನಿಸಿಕೊಳ್ಳುವುದಕ್ಕಿಂತ ಸುಳ್ಳು ಹೇಳಿ ಹೌದೆನಿಸಿಕೊಳ್ಳುವುದು ಅಗ್ಗ. ಹಳೆಯ ಸಾಲಗಳ ಮಾರಾಟ ಈ ಒತ್ತಡವನ್ನು ಇನ್ನಷ್ಟು ಹೆಚ್ಚಿಸಿದೆ. ವಸೂಲಾಗದ ಸಾಲಗಳನ್ನು ಕಂತೆ ಕಟ್ಟಿ ಮಾರುವ ವ್ಯವಹಾರವನ್ನು ಫೆಡರಲ್ ಟ್ರೇಡ್ ಕಮಿಷನ್ ಅಧ್ಯಯನ ಮಾಡಿ 2013ರಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ ದೊಡ್ಡ ಖರೀದಿದಾರರು ಪ್ರತಿ ಡಾಲರ್ ಸಾಲಕ್ಕೆ ಸರಾಸರಿ 4 ಸೆಂಟ್ ಕೊಟ್ಟಿದ್ದರು. ಅಷ್ಟು ಅಗ್ಗಕ್ಕೆ ಕೊಂಡವರಿಗೆ ನೂರು ಜನರಲ್ಲಿ ಕೆಲವರು ಸಿಕ್ಕರೂ ಲಾಭ. ಮೂಲ ಕಾಗದಪತ್ರಗಳು ಮಾತ್ರ ಈ ಕಂತೆಯ ಜೊತೆ ಬರುವುದು ಅಪರೂಪ. ಹೆಸರು, ಹಳೆಯ ವಿಳಾಸ, ಒಂದು ಮೊತ್ತ ಇಷ್ಟೇ ಕೈಯಲ್ಲಿರುವವರು ಹುಡುಕಿಕೊಂಡು ಹೊರಟಾಗ ಅದೇ ಹೆಸರಿನ ಬೇರೆಯವರು ಸಿಕ್ಕಿಬೀಳುವುದು ಆಶ್ಚರ್ಯವಲ್ಲ. ಸುಳ್ಳು ನೆಪ ಹೇಳಿ ವಿಚಾರಿಸುವವರಿಗೆ ತಾವು ಹುಡುಕುತ್ತಿರುವ ವ್ಯಕ್ತಿ ಇವರೇ ಹೌದೇ ಎಂದು ಬಿಡಿಸಿ ಕೇಳಲೂ ಬರುವುದಿಲ್ಲ. ನಿಜ ಹೇಳಿದ್ದರೆ, "ಅವರು ಸಾಲ ಮಾಡಿದವರಲ್ಲ, ಅವರ ತಂದೆಯ ಹೆಸರೇ ಬೇರೆ" ಎಂದು ಎದುರಿನವರು ಆಗಲೇ ಹೇಳಿಬಿಡುತ್ತಿದ್ದರು.

ಇನ್ನೊಂದು ಕಾರಣವನ್ನು ವಸೂಲಿ ಸಂಸ್ಥೆಗಳು ಬಾಯಿಬಿಟ್ಟು ಒಪ್ಪುವುದಿಲ್ಲ. ಎಷ್ಟೋ ಸಲ ಅವರಿಗೆ ವಿಳಾಸ ಬೇಕಾಗಿಯೇ ಇರುವುದಿಲ್ಲ. ಅದು ಅವರ ಬಳಿ ಇರುತ್ತದೆ. ಆದರೂ ಅತ್ತೆಗೆ ಫೋನ್ ಹೋಗುತ್ತದೆ, ಕಚೇರಿಯ ಸ್ವಾಗತ ಮೇಜಿಗೆ ಹೋಗುತ್ತದೆ, ಮಕ್ಕಳ ಶಾಲೆಗೂ ಹೋಗುತ್ತದೆ. "ಅವರು ಎಲ್ಲಿದ್ದಾರೆ ಗೊತ್ತೇ?" ಎಂಬ ಪ್ರಶ್ನೆ ಅಲ್ಲಿ ನಾಲ್ಕು ಜನರಿಗೆ ಸುದ್ದಿ ಮುಟ್ಟಿಸುವ ಉಪಾಯ. ಸಾಲ ಎಂಬ ಪದ ಒಂದು ಸಲವೂ ಬರದೆ ಎಲ್ಲರಿಗೂ ಅರ್ಥವಾಗುತ್ತದೆ. ಸಂಜೆ ಮನೆಗೆ ಬಂದವರನ್ನು ಹೆಂಡತಿಯ ತಾಯಿ ಕೇಳುತ್ತಾರೆ, "ಏನಪ್ಪಾ, ಏನಾದರೂ ತೊಂದರೆಯೇ?" ಆ ಪ್ರಶ್ನೆಗಾಗಿಯೇ ಆ ಕರೆ ಮಾಡಿದ್ದು. ಹುಡುಕಾಟದ ಹೆಸರಿನಲ್ಲಿ ನಡೆಯುವ ಮಾನಹರಣವನ್ನು ಹುಡುಕಾಟ ಎಂದೇ ಕರೆದು ಸುಮ್ಮನಾಗುವುದು ನಮ್ಮ ತಪ್ಪು.

ಮೊಬೈಲ್ ಬಂದ ಮೇಲೆ ಮೂರನೆಯವರ ಪಟ್ಟಿಗಾಗಿ ಅರ್ಜಿಯ ಎರಡು ಹೆಸರುಗಳನ್ನು ನೆಚ್ಚಿಕೊಳ್ಳುವ ಅಗತ್ಯವೂ ಇಲ್ಲವಾಯಿತು. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಯನ್ನೇ ಎತ್ತಿಕೊಂಡವು. ಹಾಲು ಹಾಕುವವರಿಂದ ಹಳೆಯ ಗುರುಗಳವರೆಗೆ ಎಲ್ಲರೂ ಒಂದು ಒತ್ತಿಗೆ ವಸೂಲಿಯ ದಾರಿಗಳಾದರು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋನಿನ ಕಡತ ಮತ್ತು ಚಿತ್ರಗಳನ್ನು ಮುಟ್ಟಬಾರದು ಎಂದಿತು. 2023ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರ್‌ನ ವೈಯಕ್ತಿಕ ಸಾಲದ ಆ್ಯಪ್‌ಗಳಿಗೆ ಇದೇ ಬಗೆಯ ನಿರ್ಬಂಧ ಹಾಕಿತು. ಪ್ಲೇ ಸ್ಟೋರ್‌ನ ಹೊರಗಿನಿಂದ ಬರುವ ಅಕ್ರಮ ಆ್ಯಪ್‌ಗಳಿಗೆ ಇವು ಯಾವುವೂ ತಾಗುವುದಿಲ್ಲ.

ಅಂಚೆ ಕಾರ್ಡಿನ ಜಾಗಕ್ಕೆ ಈಗ ಸ್ನೇಹದ ಕೋರಿಕೆ ಬಂದಿದೆ. ಸುಂದರ ಚಿತ್ರ, ಅದೇ ಕಾಲೇಜಿನ ಹೆಸರು, ಇಬ್ಬರಿಗೂ ಗೊತ್ತಿರುವ ಮೂರು ಗೆಳೆಯರು. ಒಪ್ಪಿಕೊಂಡರೆ ಮಗುವಿನ ಹುಟ್ಟುಹಬ್ಬದ ಚಿತ್ರದಲ್ಲಿ ಹೊಸ ಮನೆಯ ಕಿಟಕಿ ಕಾಣುತ್ತದೆ. 2021ರ ನವೆಂಬರ್ 30ರಿಂದ ಜಾರಿಗೆ ಬಂದ ಅಮೆರಿಕದ ಸಾಲ ವಸೂಲಿ ನಿಯಮಾವಳಿ ರೆಗ್ಯುಲೇಷನ್ ಎಫ್, ಸಾಲಗಾರನಿಗೆ ಹೀಗೆ ಕೋರಿಕೆ ಕಳಿಸುವಾಗ ತಾನು ವಸೂಲಿಗಾರ ಎಂದು ಹೇಳಲೇಬೇಕು ಎನ್ನುತ್ತದೆ. ದಾಖಲೆ ಇಟ್ಟುಕೊಂಡಿರುವ ಸಂಸ್ಥೆಗಳನ್ನೇ ಏಮಾರಿಸುವುದೂ ಉಂಟು: ಗ್ರಾಹಕನಂತೆ ನಟಿಸಿ ಬ್ಯಾಂಕಿನಿಂದ, ದೂರವಾಣಿ ಕಂಪನಿಯಿಂದ ವಿವರ ಕೇಳುವುದು. ಬ್ಯಾಂಕ್ ವಿವರವನ್ನು ಹೀಗೆ ಪಡೆಯುವುದನ್ನು ಅಮೆರಿಕ 1999ರಲ್ಲಿ ಗ್ರ್ಯಾಮ್ ಲೀಚ್ ಬ್ಲೈಲಿ ಕಾಯ್ದೆಯ ಮೂಲಕ ನಿಷೇಧಿಸಿತು. ಫೋನ್ ದಾಖಲೆಗಳ ಸರದಿ ಬಂದದ್ದು 2006ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಬ ಕಂಪ್ಯೂಟರ್ ಕಂಪನಿ ನೇಮಿಸಿದ ತನಿಖೆಗಾರರು ಅದರ ನಿರ್ದೇಶಕರ ಮತ್ತು ಪತ್ರಕರ್ತರ ಕರೆಗಳ ವಿವರವನ್ನು ಸೋಗು ಹಾಕಿ ಪಡೆದ ಹಗರಣ ಬಯಲಾದ ಮೇಲೆ. ದೊಡ್ಡವರ ಫೋನ್ ದಾಖಲೆಗೆ ಕೈ ಬಿದ್ದಾಗ ಶಾಸನಸಭೆ ಬೇಗ ಎಚ್ಚರಗೊಂಡಿತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಸಾಲವೂ ಅಲ್ಲ. ಪಾರ್ಸೆಲ್ ಎಂದು ಕರೆ ಮಾಡಿದವರು ಏಜೆಂಟರೇ ಎಂದು ನಮಗೆ ಹೇಗೆ ಗೊತ್ತು? ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬೇರೆ ಊರಿಗೆ ಹೋದ ಹೆಂಗಸಿನ ಅಕ್ಕನಿಗೂ ಇದೇ ಕರೆ ಬರಬಹುದು, ಇದೇ ಮಾತು, ಇದೇ ತಪ್ಪು ಮನೆ ನಂಬರು. ಕೇಳಿಸಿಕೊಳ್ಳುವ ಕಿವಿಗೆ ಎರಡರ ನಡುವೆ ವ್ಯತ್ಯಾಸವಿಲ್ಲ. ಇಂಥ ಸುಳ್ಳನ್ನು ದಿನನಿತ್ಯದ ವ್ಯವಹಾರ ಮಾಡಿಟ್ಟ ಉದ್ಯಮ, ಅದೇ ಸುಳ್ಳನ್ನು ಹೇಳುವ ಅಪಾಯದ ಮನುಷ್ಯರಿಗೆ ದಾರಿ ಸವೆಸಿಕೊಟ್ಟಿದೆ. ಬಾಕಿ ಹಣದ ಮೊತ್ತ ಎಷ್ಟೇ ಇರಲಿ, ಇದಕ್ಕೆ ಸಮಜಾಯಿಷಿ ಇಲ್ಲ.

ಹಾಗಾದರೆ ಫೋನ್ ಎತ್ತಿದವರು ಏನು ಮಾಡಬೇಕು? ಒರಟಾಗುವ ಅಗತ್ಯವಿಲ್ಲ, ವಾದವೂ ಬೇಡ. "ನಿಮ್ಮ ಹೆಸರು, ಸಂಸ್ಥೆ, ಸಂಖ್ಯೆ ಕೊಡಿ. ಅವರಿಗೆ ತಿಳಿಸುತ್ತೇನೆ, ಅವರೇ ನಿಮಗೆ ಕರೆ ಮಾಡುತ್ತಾರೆ" ಎಂಬ ಒಂದು ಮಾತು ಸಾಕು. ನಿಜವಾದ ಪಾರ್ಸೆಲ್, ನಿಜವಾದ ಆಸ್ಪತ್ರೆ, ನಿಜವಾದ ನ್ಯಾಯಾಲಯ ಇದರಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ನೆಪದ ಕರೆ ಇಲ್ಲಿಗೆ ಮುರಿದು ಬೀಳುತ್ತದೆ. ಆಸ್ಪತ್ರೆ ಎಂದರೆ ಆಸ್ಪತ್ರೆಯ ಮುಖ್ಯ ಸಂಖ್ಯೆಯನ್ನು ನಾವೇ ಹುಡುಕಿ ಕರೆ ಮಾಡಬೇಕು, ಅವರು ಕೊಟ್ಟ ಸಂಖ್ಯೆಗಲ್ಲ. ಹೌದು, ಅಲ್ಲ ಎನ್ನುವುದೂ ಮಾಹಿತಿಯೇ. ತಪ್ಪು ವಿಳಾಸ ಹೇಳಿದರೆ ತಿದ್ದಬೇಡಿ, ಕಷ್ಟವಾದರೂ ತಪ್ಪನ್ನು ತಪ್ಪಾಗಿಯೇ ಬಿಡಿ.

ಸಾಲ ಇರುವವರಿಗೆ ಒಂದು ಮಾತು. ವಿಳಾಸ, ಸಂಖ್ಯೆ ಬದಲಾದರೆ ಸಾಲ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ, ತಿಳಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಕಟ್ಟಲು ಹಣವಿಲ್ಲದಾಗ ಮುಖ ತೋರಿಸುವುದು ಎಷ್ಟು ಕಷ್ಟ ಎಂದು ಬಲ್ಲೆ. ಆದರೆ ನಿಮ್ಮನ್ನು ತಲುಪುವ ನೇರ ದಾರಿ ಕಾಗದದ ಮೇಲಿದ್ದರೆ, ನಿಮ್ಮ ತಾಯಿಗೆ ಫೋನ್ ಮಾಡಿದವರು "ಸಿಗಲಿಲ್ಲ, ಅದಕ್ಕೇ ಕೇಳಿದೆವು" ಎನ್ನಲು ಬರುವುದಿಲ್ಲ.

ಇನ್ನು, ಈಗಾಗಲೇ ಹೇಳಿಬಿಟ್ಟವರು. ನಾನು ಅವರಲ್ಲೊಬ್ಬ. ಬಾಗಿಲಿಗೆ ಇಬ್ಬರು ಬಂದ ದಿನ ಗೆಳೆಯ ಫೋನ್ ಮಾಡಿ, "ಯಾರೋ ವಿಳಾಸ ಕೊಟ್ಟಿದ್ದಾರೆ" ಎಂದ. ನಾನು ಸುಮ್ಮನಿದ್ದೆ. ಮೂರು ದಿನ ಸುಮ್ಮನಿದ್ದೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ ಎಂಬ ಧೈರ್ಯವೂ ಕರೆ ಮಾಡಿದವರ ಬಂಡವಾಳದಲ್ಲಿ ಸೇರಿತ್ತು ಎಂದು ಆಗ ನನಗೆ ಹೊಳೆದಿರಲಿಲ್ಲ. ನಾಲ್ಕನೆಯ ದಿನ ಅವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಒಳಗಿನಿಂದ ಮಗಳ ಹಳೆಯ ನೋಟ್‌ಬುಕ್ ತಂದ. ಅದರಲ್ಲಿ ದಿನಾಂಕ, ಗಂಟೆ, ಸಂಖ್ಯೆ, ಹೇಳಿದ ನೆಪ ಎಂದು ಗೆರೆ ಎಳೆದು ಮನೆಗಳನ್ನು ಮಾಡಿದ್ದ. ದೂರು ಕೊಡಲು ಬೇಕಾಗುತ್ತದೆ ಎಂದ. "ಎಷ್ಟು ಗಂಟೆಗೆ ಬಂದಿತ್ತು ಕರೆ? ಯಾವ ನಂಬರು?" ನಾನು ಫೋನ್ ತೆಗೆದು ಓದಿ ಹೇಳಿದೆ. ಅವನ ಅಕ್ಕನ ಹೆಸರಿನ ಕೆಳಗೆ ನನ್ನ ಹೆಸರು ಬರೆದುಕೊಂಡ.